ಕೋಟೆ ಬಾಗಿಲು ಹಾಕುವ ಹೊತ್ತು

ಸಾಲ ತೀರಿಸದವನ ಮೇಲೆ ನ್ಯಾಯಾಲಯವು ಡಿಕ್ರಿ ಮಾಡಿದಾಗ ಅವನ ಯಾವ ಸ್ವತ್ತನ್ನು ಜಪ್ತಿ ಮಾಡಬಹುದು, ಯಾವುದನ್ನು ಅಮೀನನು ಮುಟ್ಟುವಂತಿಲ್ಲ ಎಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ನಿರ್ಧರಿಸುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಎಂದರೆ ಈ ನಾಡಿನಲ್ಲಿ ಮಾಂಗಲ್ಯ, ಕಮ್ಮಾರ ಬಡಗಿಗಳ ಸಲಕರಣೆ, ರೈತನ ನೇಗಿಲು, ಅವನ ಜೀವನೋಪಾಯಕ್ಕೆ ಬೇಕಾದಷ್ಟು ದನ ಮತ್ತು ಬಿತ್ತನೆ ಬೀಜ, ಬೇಸಾಯವನ್ನೇ ನಂಬಿದವನು ವಾಸವಿರುವ ಮನೆ, ಇವೆಲ್ಲ ಜಪ್ತಿಗೆ ಹೊರತಾದವು. ಭವಿಷ್ಯನಿಧಿಯ ಹಣ, ಸರ್ಕಾರಿ ಪಿಂಚಣಿ, ಸಾಲಗಾರನ ಜೀವದ ಮೇಲಿನ ವಿಮಾ ಪಾಲಿಸಿಯಿಂದ ಬರುವ ಹಣ ಕೂಡ ಇದೇ ಸಾಲಿಗೆ ಸೇರುತ್ತವೆ. ಈ ರಿಯಾಯಿತಿಯನ್ನು ಬಿಟ್ಟುಕೊಡುತ್ತೇನೆಂದು ಸಾಲ ಪಡೆಯುವಾಗಲೇ ಬರೆಸಿಕೊಂಡರೂ ಆ ಬರಹ ಸಿಂಧುವಾಗದೆಂದು ಅದೇ ಕಲಮು ಹೇಳುತ್ತದೆ. ಸಾಲ ಕೊಡುವವನ ಮುಂದೆ ಸಾಲ ಕೇಳುವವನ ಕೈ ಎಷ್ಟು ಸೋತಿರುತ್ತದೆಂಬುದನ್ನು ಬಲ್ಲವರು ಬರೆದ ಮಾತು ಅದು.

ಸಂಬಳದ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಮೊದಲ 1,000 ರೂಪಾಯಿ ಮತ್ತು ಉಳಿದುದರಲ್ಲಿ ಮೂರನೇ ಎರಡು ಪಾಲು ಜಪ್ತಿಗೆ ಸಿಗುವುದಿಲ್ಲವಾದ್ದರಿಂದ, ತಿಂಗಳಿಗೆ 31,000 ರೂಪಾಯಿ ಪಡೆಯುವ ನೌಕರನಿಂದ ಹಿಡಿದುಕೊಳ್ಳಬಹುದಾದ ಮೊತ್ತ 10,000 ರೂಪಾಯಿ ಮಾತ್ರ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳ ಪೂರ್ಣವಾಗಿ ಬಿಡುಗಡೆಯಾಗುತ್ತದೆ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಈ ದಯೆ ಕುಗ್ಗಿ, ಸಂಬಳದ ಮೂರನೇ ಒಂದು ಪಾಲಷ್ಟೇ ಉಳಿಯುತ್ತದೆ.

ಕಾನೂನು ತಾನಾಗಿಯೇ ಕೊಡುವ ರಕ್ಷಣೆ ಇಷ್ಟೇ, ಅದೂ ಬದುಕು ಬೀದಿಗೆ ಬೀಳದಂತೆ ತಡೆಯುವಷ್ಟು. ಪಟ್ಟಣದ ಮನೆ, ನಿವೇಶನ, ಬ್ಯಾಂಕಿನ ಠೇವಣಿ, ಷೇರು, ಕಾರು, ಚಿನ್ನ ಮುಂತಾಗಿ ಮಧ್ಯಮ ವರ್ಗವು ಆಸ್ತಿಯೆಂದು ಕರೆಯುವ ಬಹುಪಾಲು ವಸ್ತುಗಳು ಈ ಪಟ್ಟಿಯ ಹೊರಗಿವೆ. ಪಟ್ಟಿಯೊಳಗಿರುವ ರೈತನ ಮನೆಯೂ ಅಡಮಾನಕ್ಕೆ ಒಳಗಾದರೆ, ಆ ಅಡಮಾನದ ಸಾಲದ ಮಟ್ಟಿಗೆ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ರಕ್ಷಣೆಯಿಲ್ಲದ ಇಂಥ ಆಸ್ತಿಗಳನ್ನು ವ್ಯಾಪಾರದ ನಷ್ಟ, ಇನ್ನೊಬ್ಬರ ಸಾಲ, ಅಪಘಾತದ ಪರಿಹಾರ, ವೃತ್ತಿಯಲ್ಲಿ ಆದ ತಪ್ಪು ಇತ್ಯಾದಿಗಳಿಂದ ಬರಬಹುದಾದ ಹಕ್ಕೊತ್ತಾಯಗಳ ಕೈಗೆ ಸಿಗದಂತೆ ಕಾನೂನಿನ ಮಿತಿಯೊಳಗೇ ಮೊದಲೇ ಏರ್ಪಡಿಸಿಕೊಳ್ಳುವುದಕ್ಕೆ ಆಸ್ತಿ ಸಂರಕ್ಷಣೆಯ ಯೋಜನೆ ಎಂದು ಹೆಸರು. ಇಂಥ ಏರ್ಪಾಡು ನ್ಯಾಯಾಲಯದ ಮುಂದೆ ಬಂದಾಗ ಕೇಳಲಾಗುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಆಸ್ತಿ ಕೈ ಬದಲಾಯಿಸಿದ್ದು ಯಾವಾಗ, ಮತ್ತು ಅದು ನಿಜವಾಗಿ ಕೈ ಬಿಟ್ಟಿತೇ.

ಮೊದಲನೆಯ ಪ್ರಶ್ನೆಗೆ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮು. ಸಾಲ ಕೊಟ್ಟವರಿಗೆ ಸಿಗಬೇಕಾದುದನ್ನು ತಪ್ಪಿಸುವ ಅಥವಾ ತಡಮಾಡುವ ಉದ್ದೇಶದಿಂದ ಸ್ಥಿರಾಸ್ತಿಯನ್ನು ಪರಭಾರೆ ಮಾಡಿದ್ದರೆ, ಹಾಗೆ ನಷ್ಟಕ್ಕೊಳಗಾದ ಸಾಲದಾತನು ಆ ಪರಭಾರೆಯನ್ನು ರದ್ದುಪಡಿಸಿಕೊಳ್ಳಬಹುದು. ಪ್ರತಿಫಲ ಕೊಟ್ಟು, ಒಳಗಿನ ಸಂಗತಿ ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ ಮಾತ್ರ ಅಲ್ಲಿ ರಕ್ಷಣೆಯಿದೆ. ಬ್ಯಾಂಕಿನ ನೋಟಿಸು ಕೈ ಸೇರಿದ ವಾರದಲ್ಲಿ ಗುತ್ತಿಗೆದಾರನೊಬ್ಬನು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಮನೆಯನ್ನು ಹೆಂಡತಿಗೆ ದಾನಪತ್ರ ಮಾಡಿಕೊಟ್ಟು, ತಾನು ಮೊದಲಿನಂತೆ ಅದೇ ಮನೆಯಲ್ಲಿದ್ದು ಮಹಡಿಯ ಬಾಡಿಗೆಯನ್ನು ತನ್ನ ಖಾತೆಗೇ ಹಾಕಿಸಿಕೊಳ್ಳುತ್ತಿದ್ದರೆ, ಆ ಪತ್ರದ ಮೇಲಿನ ದಿನಾಂಕವೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ. ದಾವೆ ನಡೆಯುತ್ತಿರುವಾಗಲೇ ಪ್ರತಿವಾದಿಯು ಆಸ್ತಿ ಜಾರಿಸುವ ಯತ್ನದಲ್ಲಿದ್ದಾನೆಂದು ಕಂಡುಬಂದರೆ ತೀರ್ಪಿಗೆ ಮುಂಚೆಯೇ ಜಪ್ತಿ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಇನ್ನು ದಿವಾಳಿಯ ಪ್ರಕರಣಗಳಲ್ಲಿ ಹಿಂದಿನ ದಿನಗಳೂ ಪರಿಶೀಲನೆಗೆ ಒಳಗಾಗುತ್ತವೆ: ಸಾಮಾನ್ಯ ವ್ಯಕ್ತಿಗಳಿಗೆ ಈಗಲೂ ಅನ್ವಯಿಸುವ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಂತೆ, ಪರಭಾರೆಯಾದ ಎರಡು ವರ್ಷಗಳೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ಒಬ್ಬನನ್ನು ದಿವಾಳಿಯೆಂದು ಘೋಷಿಸಿದರೆ, ತಕ್ಕ ಪ್ರತಿಫಲವಿಲ್ಲದ ಆ ಪರಭಾರೆಯನ್ನು ರದ್ದುಗೊಳಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯು ಈ ಕಲಮುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ತಡವಾಗಿ ಹಾಕಿದ ಬಾಗಿಲನ್ನು ಮುರಿಯಲು ಸಾಲದಾತನಿಗೇ ಅನುಮತಿ ಕೊಡುತ್ತದೆ.

ಎರಡನೆಯ ಪ್ರಶ್ನೆಯಲ್ಲಿ ಹೆಚ್ಚಿನವರು ಎಡವುತ್ತಾರೆ, ಏಕೆಂದರೆ ಆಸ್ತಿ ಸಾಲದಾತರಿಗೆ ತನ್ನದಲ್ಲವೆಂದು ತೋರಬೇಕು, ಆದರೆ ತನ್ನ ಹಿಡಿತದಲ್ಲೇ ಇರಬೇಕು ಎಂಬ ಆಸೆ ಬಿಡುವುದು ಸುಲಭವಲ್ಲ. ದುಡ್ಡು ಒಬ್ಬರದು, ಹೆಸರು ಮತ್ತೊಬ್ಬರದು, ಅನುಭವಿಸುವವನು ದುಡ್ಡು ಕೊಟ್ಟವನೇ ಎಂಬ ಬೇನಾಮಿ ವ್ಯವಹಾರವನ್ನು ನಿಷೇಧಿಸಿದ 1988ರ ಕಾಯ್ದೆಯು 2016ರ ತಿದ್ದುಪಡಿಯ ನಂತರ ಹಲ್ಲುಗಳನ್ನು ಪಡೆದಿದ್ದು, ಆಸ್ತಿಯ ಮುಟ್ಟುಗೋಲಿನ ಜತೆಗೆ ಒಂದರಿಂದ ಏಳು ವರ್ಷಗಳ ಕಠಿಣ ಸೆರೆವಾಸವನ್ನೂ, ಮಾರುಕಟ್ಟೆ ಮೌಲ್ಯದ ಶೇ 25ರವರೆಗಿನ ದಂಡವನ್ನೂ ವಿಧಿಸಬಹುದು. ಲೆಕ್ಕ ತೋರಿಸಬಹುದಾದ ಮೂಲಗಳಿಂದ ಬಂದ ಹಣದಲ್ಲಿ ಹೆಂಡತಿ, ಗಂಡ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿಯಲ್ಲ. ಆದರೆ ಡ್ರೈವರನ ಹೆಸರಿನಲ್ಲೋ ಊರಿನ ನೆಂಟನ ಹೆಸರಿನಲ್ಲೋ ನಿವೇಶನ ಕೊಂಡಿಡುವ ಹಳೆಯ ಜಾಣತನಕ್ಕೆ ಈ ವಿನಾಯಿತಿ ಇಲ್ಲ.

ಆಸ್ತಿಗೆ ಅಪಾಯವೆಂದರೆ ಮೋಸಗಾರರು ಮತ್ತು ವ್ಯಾಜ್ಯಪ್ರಿಯ ದಾಯಾದಿಗಳೆಂದು ತಿಳಿಯುವುದು ವಾಡಿಕೆ. ವಾಸ್ತವದಲ್ಲಿ ಕರ್ನಾಟಕದ ಸಂಬಳದಾರ ಕುಟುಂಬಗಳನ್ನು ಸದ್ದಿಲ್ಲದೆ ಮುಳುಗಿಸುವ ಕಾಗದವೊಂದಿದ್ದರೆ ಅದು ಜಾಮೀನು ಪತ್ರ. ಸಹೋದ್ಯೋಗಿಗೆ ಪತ್ತಿನ ಸಹಕಾರ ಸಂಘದಿಂದ ಸಾಲ ಬೇಕಾದಾಗ, ಭಾವಮೈದುನನು ಅಂಗಡಿಗೆ ಓವರ್‌ಡ್ರಾಫ್ಟ್ ತೆಗೆಯುವಾಗ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹಾಕುವ ರುಜುವನ್ನು ಜನರು ಬರಿಯ ಗುರುತಿನ ಸಾಕ್ಷಿಯೆಂಬಂತೆ ಭಾವಿಸುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು, ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು, ಎಂದರೆ ಅಸಲು, ಬಡ್ಡಿ, ಖರ್ಚು ಎಲ್ಲಕ್ಕೂ ಸಮಾನವಾದದ್ದು. ಮೊದಲು ಸಾಲಗಾರನನ್ನು ಹಿಡಿಯಿರಿ, ಅವನಿಂದ ಆಗದಿದ್ದರೆ ಮಾತ್ರ ಇತ್ತ ಬನ್ನಿ ಎಂದು ಹೇಳುವ ಹಕ್ಕು ಜಾಮೀನುದಾರನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿ ಅರ್ಧ ಶತಮಾನವೇ ಕಳೆದಿದೆ. ಸಾಲಗಾರನು ಊರು ಬಿಟ್ಟು ಹೋಗಿರುವಾಗ, ಖಾಯಂ ವಿಳಾಸ ಮತ್ತು ತಿಂಗಳ ಸಂಬಳ ಇರುವ, ಜಾಮೀನು ನಿಂತ ಮೇಷ್ಟ್ರ ಮನೆಗೇ ನೋಟಿಸು ಮೊದಲು ಬರುವುದರಲ್ಲಿ ಅಚ್ಚರಿಯಿಲ್ಲ.

ಜಾಮೀನುದಾರನಿಗೆ ಹಕ್ಕುಗಳೇ ಇಲ್ಲವೆಂದಲ್ಲ. ತಾನು ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡಿಕೊಳ್ಳಬಹುದು. ಜತೆ ಜಾಮೀನುದಾರರಿದ್ದರೆ ಅವರಿಂದ ಪಾಲು ಕೇಳಬಹುದು. ಓವರ್‌ಡ್ರಾಫ್ಟಿನಂಥ ಮುಂದುವರಿಯುವ ಸಾಲಗಳಿಗೆ ಕೊಟ್ಟ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂತೆಗೆದುಕೊಳ್ಳಬಹುದು. ತನ್ನ ಒಪ್ಪಿಗೆಯಿಲ್ಲದೆ ಸಾಲದ ಷರತ್ತುಗಳನ್ನು ಬದಲಿಸಿದರೆ ಆನಂತರದ ವ್ಯವಹಾರಗಳಿಂದ ಬಿಡುಗಡೆ ಪಡೆಯಬಹುದು. ತೊಡಕೆಂದರೆ, ಸಾಲ ಕೊಡುವ ಸಂಸ್ಥೆಗಳು ಮುದ್ರಿಸಿಟ್ಟ ಜಾಮೀನು ಪತ್ರದ ನಡುವಿನ ಯಾವುದೋ ಪುಟದ ಸಣ್ಣ ಅಕ್ಷರಗಳಲ್ಲಿ ಈ ಹಕ್ಕುಗಳಲ್ಲಿ ಹಲವನ್ನು ಬಿಟ್ಟುಕೊಡಿಸಿಕೊಂಡಿರುತ್ತವೆ. ಆದ್ದರಿಂದ ಜಾಮೀನು ನಿಲ್ಲಲೇಬೇಕಾದ ಸಂದರ್ಭದಲ್ಲಿ ಕೇಳಬೇಕಾದದ್ದು, ಹೊಣೆಯ ಗರಿಷ್ಠ ಮೊತ್ತವನ್ನು ಅಂಕಿಯಲ್ಲಿ ನಮೂದಿಸಬೇಕು, ಸಾಲವನ್ನು ನವೀಕರಿಸುವಾಗ ಹೊಸದಾಗಿ ಒಪ್ಪಿಗೆ ಪಡೆಯಬೇಕು, ಪತ್ರದ ಪೂರ್ಣ ಪ್ರತಿಯೊಂದು ತನ್ನ ಬಳಿ ಇರಬೇಕು ಎಂಬ ಮೂರು ಸಂಗತಿಗಳನ್ನು. ಜಾಮೀನಿಗೆ ಮನೆಯನ್ನೂ ಅಡಮಾನವಾಗಿ ಕೊಟ್ಟಿದ್ದರೆ ಅಪಾಯ ಇಮ್ಮಡಿ. 2002ರ ಸರ್ಫೇಸಿ ಕಾಯ್ದೆಯ ಮೇರೆಗೆ ಬ್ಯಾಂಕು ಸಿವಿಲ್ ದಾವೆ ಹೂಡದೆಯೇ 60 ದಿನಗಳ ನೋಟಿಸು ಕೊಟ್ಟು, ಅಡಮಾನದ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಲ್ಲದು. ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ.

ವ್ಯಾಪಾರಸ್ಥರ ಪಾಲಿಗೆ ಮೊದಲ ಬೇಲಿಯು ವ್ಯಾಪಾರದ ಸ್ವರೂಪದಲ್ಲೇ ಇದೆ. ಒಬ್ಬನೇ ಮಾಲೀಕನಿರುವ ಅಂಗಡಿಯ ಸಾಲವು ಮಾಲೀಕನ ಸ್ವಂತ ಸಾಲವೇ. 1932ರ ಪಾಲುದಾರಿಕೆ ಕಾಯ್ದೆಯಂತೆ ರಚಿತವಾದ ಸಂಸ್ಥೆಯಲ್ಲಿ ಇನ್ನೊಬ್ಬ ಪಾಲುದಾರನು ಸಂಸ್ಥೆಯ ಪರವಾಗಿ ಮಾಡಿದ ಸಾಲಕ್ಕೂ ಪ್ರತಿಯೊಬ್ಬನ ಮನೆಮಠ ಈಡಾಗುತ್ತದೆ. ಕಂಪನಿಯಲ್ಲೂ, 2008ರ ಕಾಯ್ದೆಯಿಂದ ಬಂದ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಲ್ಲೂ ಸಂಸ್ಥೆಯೇ ಬೇರೆಯ ವ್ಯಕ್ತಿಯೆಂದು ಕಾನೂನು ಪರಿಗಣಿಸುವುದರಿಂದ, ನಷ್ಟವು ಹೂಡಿದ ಬಂಡವಾಳದ ಆಚೆ ದಾಟುವುದಿಲ್ಲವೆಂಬುದು ತತ್ತ್ವ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಂಡ ಕ್ಷಣದಲ್ಲಿ ಈ ತತ್ತ್ವವು ಆ ಸಾಲದ ಮಟ್ಟಿಗೆ ಕಾಗದದಲ್ಲಷ್ಟೇ ಉಳಿಯುತ್ತದೆ. ದಿವಾಳಿ ಸಂಹಿತೆಯ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು ಕೇಂದ್ರ ಸರ್ಕಾರವು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಗಳ ಜಾಮೀನುದಾರರಿಗೆ ಮಾತ್ರ ಜಾರಿಗೆ ತಂದಿತು. ಅದನ್ನು ಸರ್ವೋಚ್ಚ ನ್ಯಾಯಾಲಯವು 2021ರ ಮೇ ತಿಂಗಳಲ್ಲಿ ಎತ್ತಿಹಿಡಿದು, ಕಂಪನಿಯ ಸಾಲಕ್ಕೆ ಪರಿಹಾರ ಯೋಜನೆ ಮಂಜೂರಾದ ಮಾತ್ರಕ್ಕೆ ಜಾಮೀನುದಾರನು ತಾನಾಗಿ ಬಿಡುಗಡೆಯಾಗುವುದಿಲ್ಲವೆಂದು ಹೇಳಿತು. ಕಂಪನಿ ಕಟ್ಟಿದ್ದೇನೆ, ಮನೆ ಸುರಕ್ಷಿತವಾಗಿದೆ ಎಂದು ನಂಬಿದ್ದ ಅನೇಕ ಪ್ರವರ್ತಕರಿಗೆ ಈ ತೀರ್ಪು ಬಿಸಿ ಮುಟ್ಟಿಸಿತು. ಕಂಪನಿಯ ಖಾತೆಯಿಂದಲೇ ಮಗಳ ಮದುವೆಯ ಛತ್ರಕ್ಕೆ ಮುಂಗಡ ಕೊಡುವ, ಮನೆಯ ಕರೆಂಟು ಬಿಲ್ಲು ಕಟ್ಟುವ ಅಭ್ಯಾಸವೂ ಇದೇ ಬೇಲಿಯನ್ನು ಒಳಗಿನಿಂದ ಸಡಿಲಿಸುತ್ತದೆ, ಏಕೆಂದರೆ ಸಂಸ್ಥೆ ಬೇರೆ, ತಾನು ಬೇರೆ ಎಂಬುದನ್ನು ಸ್ವತಃ ಮಾಲೀಕನೇ ಮಾನ್ಯ ಮಾಡಿಲ್ಲವೆಂದು ಎದುರಾಳಿಯ ವಕೀಲರು ವಾದಿಸಲು ಅದು ಅವಕಾಶ ಕೊಡುತ್ತದೆ.

ವ್ಯಾಪಾರವನ್ನೇ ಮಾಡದವರಿಗೂ ಹೊಣೆ ತಪ್ಪಿದ್ದಲ್ಲ. ಮಾರಿದ ಸ್ಕೂಟರು ಅಥವಾ ಕಾರಿನ ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗದೆ ಉಳಿದಿದ್ದರೆ, ಆ ವಾಹನದಿಂದಾದ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ಕಾರು ಹಲವು ಕೈಗಳನ್ನು ದಾಟಿ ಹೋಗಿದ್ದರೂ ಹೊಣೆಯು ದಾಖಲೆಯಲ್ಲಿ ಹೆಸರಿದ್ದ ಮೊದಲಿನವನ ಮೇಲೇ ಬಿತ್ತು. ಖಾಲಿ ನಮೂನೆಗಳಿಗೆ ರುಜು ಹಾಕಿ, ಕೀಲಿಕೈಯನ್ನು ದಲ್ಲಾಳಿಗೆ ಒಪ್ಪಿಸಿ, ಹಣ ಎಣಿಸಿಕೊಂಡು ಮರೆತುಬಿಡುವುದು ಊರೂರಿನಲ್ಲೂ ನಡೆದಿರುವ ಪದ್ಧತಿ. ವಿಮೆಯ ಅವಧಿ ಮುಗಿದ ವಾಹನವಾದರಂತೂ ಸಾವಿಗೆ ಕೊಡಬೇಕಾದ ಪರಿಹಾರದ ಪೂರ್ಣ ಮೊತ್ತ ಮಾಲೀಕನ ಆಸ್ತಿಯ ಮೇಲೇ ಬೀಳುತ್ತದೆ. ವೈದ್ಯರು 1995ರ ತೀರ್ಪಿನಿಂದ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿರುವುದರಿಂದ ಅವರಿಗೆ ವೃತ್ತಿ ಹೊಣೆಗಾರಿಕೆಯ ವಿಮೆ ಹೇಗೆ ಅಗತ್ಯವೋ, ಸಾಮಾನ್ಯ ವಾಹನ ಮಾಲೀಕನಿಗೆ ಮೂರನೆಯ ವ್ಯಕ್ತಿಗಳ ಪರವಾದ ವಿಮೆಯೂ ಹಾಗೆಯೇ. ಮನೆಯನ್ನು ಉಳಿಸುವ ಪಾಲಿಸಿಗಳಲ್ಲಿ ಇದರಷ್ಟು ಅಗ್ಗದ್ದು ಬೇರೊಂದಿಲ್ಲ.

ನಿಜವಾಗಿ ಕೈಬಿಟ್ಟದ್ದನ್ನು ಕಾನೂನು ಹೇಗೆ ಕಾಯುತ್ತದೆಂಬುದಕ್ಕೆ ಬಹಳ ಹಳೆಯ, ಆದರೆ ಬಹಳ ಕಡಿಮೆ ಬಳಕೆಯಲ್ಲಿರುವ ಉದಾಹರಣೆಯೊಂದು 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯ್ದೆಯಲ್ಲಿದೆ. ಮದುವೆಯಾದ ಪುರುಷನು ತನ್ನ ಜೀವದ ಮೇಲೆ ಪಾಲಿಸಿ ತೆಗೆಯುವಾಗ ಅದು ಹೆಂಡತಿಯ, ಮಕ್ಕಳ ಅಥವಾ ಇಬ್ಬರ ಹಿತಕ್ಕಾಗಿ ಎಂದು ಪಾಲಿಸಿಯಲ್ಲೇ ನಮೂದಿಸಿದರೆ, ಅದರ 6ನೇ ಕಲಮಿನಂತೆ ಆ ಪಾಲಿಸಿ ಅವರ ಪರವಾದ ಟ್ರಸ್ಟ್ ಆಗುತ್ತದೆ. ಟ್ರಸ್ಟ್ ಎಂದರೆ ಒಬ್ಬನು ಸ್ವತ್ತನ್ನು ಇನ್ನೊಬ್ಬರ ಹಿತಕ್ಕಾಗಿಯೇ ಹಿಡಿದಿಡುವ ವ್ಯವಸ್ಥೆ. ಗಂಡನ ಹಿಡಿತಕ್ಕೂ ಅವನ ಸಾಲದಾತರ ಹಿಡಿತಕ್ಕೂ ಅದು ಸಿಗುವುದಿಲ್ಲ, ಅವನು ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಆಸ್ತಿಯ ಲೆಕ್ಕಕ್ಕೂ ಸೇರುವುದಿಲ್ಲ. ಪಾಲಿಸಿ ಕೊಳ್ಳುವ ದಿನ ಅರ್ಜಿಯ ಜತೆಗೆ ಕೊಡುವ ಒಂದು ಹೆಚ್ಚುವರಿ ನಮೂನೆ ಇದಕ್ಕೆ ಸಾಕು, ಬೇರೆ ಖರ್ಚೂ ಇಲ್ಲ. ಆದರೂ ಅನೇಕ ಏಜೆಂಟರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಗೃಹಸಾಲ, ವ್ಯಾಪಾರದ ಸಾಲ ಎರಡನ್ನೂ ಹೊತ್ತ ಯುವ ವ್ಯಾಪಾರಿಯೊಬ್ಬನು ಕೋಟಿ ರೂಪಾಯಿಯ ಅವಧಿ ವಿಮೆ ತೆಗೆದು ಅಕಾಲದಲ್ಲಿ ತೀರಿಕೊಂಡರೆ, ಆ ಹಣ ಸಾಲದಾತರ ತಗಾದೆಯಿಲ್ಲದೆ ಹೆಂಡತಿ ಮಕ್ಕಳಿಗೆ ಸೇರುವುದಕ್ಕೆ ಇಷ್ಟು ಗಟ್ಟಿಯಾದ ಏರ್ಪಾಡು ಮತ್ತೊಂದು ಸಿಗುವುದು ಕಷ್ಟ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಆ ಪಾಲಿಸಿಯ ಮೇಲೆ ಅವನು ತನ್ನಿಷ್ಟದಂತೆ ಸಾಲ ತೆಗೆಯಲಾರನು, ಹೆಸರುಗಳನ್ನು ಬದಲಿಸಲಾರನು, ಅವಧಿ ಮುಗಿದು ಹಣ ಬಂದರೂ ಅದು ಅವನದಲ್ಲ. ಸಾಲದಾತರನ್ನು ವಂಚಿಸಲೆಂದೇ ತೆಗೆದದ್ದೆಂದು ಸಾಬೀತಾದರೆ ಈ ಕಾಯ್ದೆಯ ರಕ್ಷಣೆಯೂ ಸಾಲದಾತರನ್ನು ತಡೆಯುವುದಿಲ್ಲ.

ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದರಲ್ಲಿ ಇದೇ ಬೆಲೆ ಇನ್ನೂ ಕಟುವಾಗಿ ಎದುರಾಗುತ್ತದೆ. ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇರುವುದರಿಂದ ಮುಂದಿನ ತಗಾದೆಗಳನ್ನು ತಪ್ಪಿಸಲು ತಂದೆತಾಯಂದಿರು ಬದುಕಿರುವಾಗಲೇ ಎಲ್ಲವನ್ನೂ ಬರೆದುಕೊಡುತ್ತಾರೆ. ಆಮೇಲೆ ಮಗನ ವ್ಯಾಪಾರ ಮುಳುಗಿದರೆ ಅವನ ಸಾಲದಾತರಿಗೆ ತಂದೆ ಕಟ್ಟಿದ ಮನೆಯೇ ಸಿಗುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದಾಗ, 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯಿಂದ ರದ್ದು ಮಾಡಿಸಬಹುದು. ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿತು. ಈ ಎರಡು ತೀರ್ಪುಗಳ ನಡುವೆ ಅಲೆದಾಡುವುದಕ್ಕಿಂತ, ಪಾಲನೆಯ ಷರತ್ತನ್ನು ದಾನಪತ್ರದಲ್ಲೇ ಎರಡು ವಾಕ್ಯಗಳಲ್ಲಿ ಬರೆಸುವುದು ಲೇಸು. ದೊಡ್ಡ ಆಸ್ತಿಯುಳ್ಳವರು 1882ರ ಟ್ರಸ್ಟ್ ಕಾಯ್ದೆಯಂತೆ ಖಾಸಗಿ ಟ್ರಸ್ಟ್ ರಚಿಸುತ್ತಾರೆ. ಅಲ್ಲಿಯೂ ಬೇಕೆಂದಾಗ ರದ್ದು ಮಾಡುವ ಅಧಿಕಾರವನ್ನು ತಾನೇ ಇಟ್ಟುಕೊಂಡ ಟ್ರಸ್ಟು ಸಾಲದಾತರೆದುರು ನಿಲ್ಲುವುದು ಕಷ್ಟ.

ಮರಣಾನಂತರದ ಸಾಲಗಳ ಬಗ್ಗೆ ಜನರಲ್ಲಿರುವ ಭಯ ಮಾತ್ರ ಕಾನೂನಿನಲ್ಲಿರುವುದಕ್ಕಿಂತ ದೊಡ್ಡದು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಹಳೆಯ ಹಿಂದೂ ನ್ಯಾಯದ ಹೊಣೆಯನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಅಲ್ಲಿಂದಾಚೆಗಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಾವೇ ಸಹಸಾಲಗಾರರೋ ಜಾಮೀನುದಾರರೋ ಆಗಿರದ ವಾರಸುದಾರರು, ತೀರಿಕೊಂಡವರಿಂದ ತಮ್ಮ ಕೈಗೆ ಬಂದ ಆಸ್ತಿಯಷ್ಟರ ಮಟ್ಟಿಗೆ ಮಾತ್ರ ಅವರ ಸಾಲಕ್ಕೆ ಹೊಣೆಯಾಗುತ್ತಾರೆ. ತಮ್ಮ ಸ್ವಯಾರ್ಜಿತ ಮನೆಯಿಂದ ತೀರಿಸಬೇಕಾಗಿಲ್ಲ. ನಾಮಿನಿಯಾಗಿ ಹಣ ಪಡೆದವರು ಸಾಮಾನ್ಯವಾಗಿ ಅದರ ಒಡೆಯರಲ್ಲ, ವಾರಸುದಾರರ ಪರವಾಗಿ ಅದನ್ನು ಪಡೆದವರು. ಈ ಮಾತನ್ನು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ವಿಮೆಗೂ 2023ರಲ್ಲಿ ಷೇರುಗಳಿಗೂ ಹೇಳಿದೆ. ವಿಮೆಯಲ್ಲಿ ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರೇ ಫಲಾನುಭವಿಗಳೆಂಬ ಬದಲಾವಣೆಯನ್ನು 2015ರ ತಿದ್ದುಪಡಿ ತಂದಿತು. ಉಳಿದ ಆಸ್ತಿಗಳು ಯಾರಿಗೆ ಸೇರಬೇಕೆಂಬುದನ್ನು ಇಬ್ಬರು ಸಾಕ್ಷಿಗಳ ರುಜುವಿರುವ ಉಯಿಲೇ ಹೇಳಬೇಕು.

ವಾರಸುದಾರರ ಈ ಮಿತಿಯನ್ನು ಬಳಸಿಕೊಳ್ಳಲು ಎರಡು ಎಚ್ಚರಗಳು ಬೇಕು. ಬಂದ ಆಸ್ತಿ ಏನೇನು, ಅದರಲ್ಲಿ ಯಾವ ಸಾಲಕ್ಕೆ ಎಷ್ಟು ಹೋಯಿತೆಂಬುದರ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಬೇಕು, ಏಕೆಂದರೆ ಲೆಕ್ಕ ಕೊಡಲಾಗದ ಭಾಗಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೇ ಕಲಮಿನಂತೆ ಅವರು ಸ್ವಂತವಾಗಿ ಹೊಣೆಯಾಗುತ್ತಾರೆ. ಇನ್ನೊಂದು, ತಿಥಿ ಮುಗಿಯುವ ಮೊದಲೇ ಮನೆಗೆ ಬರುವ ವಸೂಲಿ ಪ್ರತಿನಿಧಿಯು ಸಾಲದ ಖಾತೆಯನ್ನು ಮಗನ ಅಥವಾ ಹೆಂಡತಿಯ ಹೆಸರಿಗೆ ಬದಲಿಸಿ ಕಂತುಗಳನ್ನು ಹಗುರ ಮಾಡಿಕೊಡುವುದಾಗಿ ಹೇಳಿ ಮುಂದಿಡುವ ನವೀಕರಣ ಪತ್ರಕ್ಕೆ, ಅದನ್ನು ವಕೀಲರಿಗೆ ತೋರಿಸುವವರೆಗೆ, ರುಜು ಹಾಕಬಾರದು. ತೀರಿಕೊಂಡವರ ಆಸ್ತಿಯ ಗಡಿಯೊಳಗಿದ್ದ ಸಾಲವು ಆ ರುಜುವಿನಿಂದ ಬದುಕಿರುವವರ ಸ್ವಂತ ಸಾಲವಾಗಬಹುದು.